ಉರ್ಷುಲೆಯ ಸುಟ್ಟ ಕೈ, ಒಂಬತ್ತು ಭರಣಿ ಜೇನು

ನಮ್ಮೂರಿನ ಉರ್ಷುಲೆ ಘಮ್ಮೆನ್ನುವ ಬಜೆ ಎಲೆಯ ಮೇಲಿಟ್ಟು ಬೇಯಿಸಿದ ಕಪ್ಪು ರೊಟ್ಟಿ ತಿಂದವರು ಪೇಟೆಯ ರೊಟ್ಟಿಯನ್ನು ಹಂದಿಗೆ ಹಾಕುತ್ತಿದ್ದರು. ಗಂಡ ಬಾಲ್ತ್ರುಸ್ ತೀರಿಕೊಂಡ ಮೇಲೆ ಅವಳ ಹೊಟ್ಟೆ ಹೊರೆದದ್ದೂ ಆ ರೊಟ್ಟಿಯೇ. ಒಂದು ಬೆಳಿಗ್ಗೆ ಒಲೆಯ ಕೆಂಡ ಎಳೆಯುವಾಗ ಕುದಿನೀರಿನ ಪಾತ್ರೆ ಮಗುಚಿ ಅವಳ ಬಲಗೈ ಬೆರಳಿನಿಂದ ಮಣಿಕಟ್ಟಿನವರೆಗೆ ಬೆಂದುಹೋಯಿತು.

ನಾನು ಪಕ್ಕದ ಮನೆಯವನು. ಕೂಗು ಕೇಳಿ ಓಡಿದೆ. ಬಾವಿಯ ನೀರಿನಲ್ಲಿ ಕೈ ಇಡಿಸಿ ನರ್ಸ್ ನಿಯೋಲೆಯನ್ನು ಕರೆತಂದೆ. ಅವಳು ಪಟ್ಟಿ ಕಟ್ಟಿದಳು. ಐದನೇ ದಿನ ಬಿಚ್ಚಿ ನೋಡಿದರೆ ಗಾಯ ಒಣಗುವ ಬದಲು ಹಸಿಹಸಿ, ಸಣ್ಣಗೆ ವಾಸನೆ ಬೇರೆ.

"ಅಜ್ಜಿ, ನಂಜೇರಿದ್ರೆ ಪಟ್ಟಣದ ಆಸ್ಪತ್ರೆಗೇ ಹೋಗ್ಬೇಕು. ಬೆರಳು ಮಡಚೋಕೆ ಬರದೇ ಹೋದೀತು," ಎಂದಳು ನಿಯೋಲೆ.

"ಹಿಟ್ಟು ಯಾರು ನಾದೋದು, ನಿಮ್ಮಪ್ಪನಾ?"

"ನಮ್ಮಪ್ಪ ನಾದಿದ್ರೆ ಊರೇ ಉಪವಾಸ. ಮನೇಲಿ ಕಾಯಿಸದ ಜೇನಿದ್ಯಾ? ಸಕ್ಕರೆ ಪಾಕ ಬೆರೆತಿರಬಾರ್ದು. ಗಾಯ ತೊಳೆದು ಬಟ್ಟೆಗೆ ಹಚ್ಚಿ ಕಟ್ಟಿ ನೋಡೋಣ."

ಉರ್ಷುಲೆ ಕತ್ತೆತ್ತಿ ಮೇಲೆ ನೋಡಿದಳು. ಅಟ್ಟದ ಮೇಲೆ ಒಂಬತ್ತು ಭರಣಿ ಇದ್ದವು. ಒಂದರ ಮುಚ್ಚಳವನ್ನೂ ಅವಳು ತೆಗೆದಿರಲಿಲ್ಲ.

ನಮ್ಮಲ್ಲಿ ಜೇನ್ನೊಣ ಮಾರುವುದಿಲ್ಲ. ಒಬ್ಬರ ಗೂಡಿನಿಂದ ಎದ್ದ ಹಿಂಡು ಇನ್ನೊಬ್ಬರ ಹಿತ್ತಿಲಲ್ಲಿ ಕೂತರೆ ಆ ಎರಡು ಮನೆಯವರೂ ಜೇನಿನ ಬೀಗರು. ಹಿಂಡು ಸಿಕ್ಕ ಮನೆಯವರು ವರ್ಷ ವರ್ಷ ಜೇನಿನ ಪಾಲು ಕೊಡಬೇಕು, ಪಾಲು ಹಿಂದಿರುಗಿಸುವ ಹಾಗಿಲ್ಲ. ಬಾಲ್ತ್ರುಸನ ಹಿಂಡು ನಮ್ಮೂರಿನವನೇ ಆದ ತೆಯೋಫಿಲಿಸನ ಹಿತ್ತಿಲು ಸೇರಿ ಈ ಎರಡು ಮನೆಯವರು ಹಾಗೆ ಬೀಗರಾದವರು. ಬಾಲ್ತ್ರುಸ್ ಸತ್ತ ಚಳಿಗಾಲದಲ್ಲೇ ತೆಯೋಫಿಲಿಸನ ಹಿತ್ತಿಲಲ್ಲಿ ಆ ಹಿಂಡಿನ ಒಂದು ಗೂಡು ಪೂರ್ತಿ ಸತ್ತಿತು. ಮನುಷ್ಯ ಸತ್ತರೂ ಜೇನ್ನೊಣ ಸತ್ತರೂ ನಮಗೆ ಒಂದೇ ಮಾತು, ಎರಡಕ್ಕೂ ಮಣ್ಣು ಕೊಡಬೇಕು. ಬಾಲ್ತ್ರುಸನನ್ನು ಹೂಳುವ ದಿನ ತೆಯೋಫಿಲಿಸ್ ಮೊದಲು ನೊಣಗಳಿಗೆ ಮಣ್ಣು ಕೊಟ್ಟು, ಕೆಸರುಗೈಯಲ್ಲೇ ಸ್ಮಶಾನಕ್ಕೆ ಬರುವಷ್ಟರಲ್ಲಿ ಗುಂಡಿ ಮುಚ್ಚಿತ್ತು.

"ನನ್ನ ಗಂಡನಿಗಿಂತ ನೊಣ ಹೆಚ್ಚಾಯ್ತೇನೋ?" ಎಂದಳು ಉರ್ಷುಲೆ.

"ಅವನ ನೊಣಾನೇ ಕಣಕ್ಕ. ಅವನ ಜೊತೇಲೇ ಹೋಗ್ಲಿ ಅಂತ..."

ಅವಳು ಕೇಳಿಸಿಕೊಳ್ಳಲಿಲ್ಲ. ಅಂದಿನಿಂದ ಒಂಬತ್ತು ವರ್ಷ ಮಾತಿಲ್ಲ. ಅವನು ಪ್ರತಿ ಸುಗ್ಗಿಗೆ ಇವಳ ಬೇಲಿಯ ಮೇಲೆ ಒಂದು ಭರಣಿ ಜೇನು ಇಡುವುದು, ಇವಳು ಅದನ್ನು ಅಟ್ಟಕ್ಕೇರಿಸುವುದು.

ಈಗ ಅಟ್ಟದ ಏಣಿಯ ಬುಡದಲ್ಲಿ ಕೂತು ನನ್ನನ್ನು ಕೇಳಿದಳು, "ತೆರೆದ್ರೆ ಅವನನ್ನ ಕ್ಷಮಿಸಿದ ಹಾಗಾ?"

"ನಂಗೊತ್ತಿಲ್ಲಮ್ಮ."

"ಹಗೆ ಇಟ್ಕೊಂಡು ಹಚ್ಚಿದ್ರೆ ಜೇನು ವಿಷ ಆಗುತ್ತಂತೆ. ನಮ್ಮಜ್ಜಿ ಹೇಳ್ತಿದ್ಲು."

"ನಿಮ್ಮಜ್ಜಿ ಕೈ ಸುಟ್ಟಿತ್ತಾ?"

"ಅವಳಿಗೆ ಹಗೇನೂ ಇರ್ಲಿಲ್ಲ, ಸುಟ್ಟೂ ಇರ್ಲಿಲ್ಲ. ಸುಮ್ನೆ ಹೇಳ್ತಿದ್ಲು."

ಒಂದು ಭರಣಿ ಇಳಿಸಿದಳು. ಮತ್ತೆ ಏರಿಸಿದಳು. ಸಂಜೆಗೆ ಮತ್ತೆ ಇಳಿಸಿದಳು. ಮರುದಿನ ಹೆಬ್ಬೆರಳು ಮಡಚದೇ ಹೋದಾಗ, "ತೆಗಿ, ಏನಾದ್ರೂ ಆಗ್ಲಿ," ಎಂದು ಮುಖ ಆ ಕಡೆ ತಿರುಗಿಸಿದಳು.

ನಿಯೋಲೆ ದಿನಾ ಬಂದು ಗಾಯ ತೊಳೆದು, ಕುದಿಸಿ ಒಣಗಿಸಿದ ಬಟ್ಟೆಗೆ ಜೇನು ಸವರಿ ಕಟ್ಟಿದಳು. ವಾರದಲ್ಲಿ ವಾಸನೆ ಹೋಯಿತು. ಮೂರನೇ ವಾರಕ್ಕೆ ಎಳೆಗೆಂಪು ಚರ್ಮ ಮೂಡಿ ಹೆಬ್ಬೆರಳು ಮಡಚಿತು. ಜೇನಿನ ಗುಣವೋ, ಆ ಹುಡುಗಿ ತೊಳೆದ ಗುಣವೋ, ಹೇಳಲಾರೆ. ಓದಿ ಕಲಿತವನಲ್ಲ ನಾನು, ನೋಡಿ ಕಲಿತವನು. ಆಳವಾಗಿ ಸುಟ್ಟ ಇಬ್ಬರಿಗೆ ಜೇನು ಏನೂ ಮಾಡದೆ ಆಸ್ಪತ್ರೆಗೆ ಹೊತ್ತೊಯ್ದದ್ದನ್ನೂ ನೋಡಿದ್ದೇನೆ.

ಆಮೇಲೆ ನನ್ನನ್ನೂ ಎಳೆದುಕೊಂಡು ತೆಯೋಫಿಲಿಸನ ಮನೆಗೆ ಹೋದಳು.

"ನಿನ್ನ ಜೇನು ತೆರೆದೆ ಕಣೋ. ಕೈ ಉಳೀತು."

"ಯಾವುದು, ಈ ವರ್ಷದ್ದಾ?"

"ಮೊದಲನೇ ವರ್ಷದ್ದು."

ಅವನ ಮುಖ ಸುಣ್ಣವಾಯಿತು. "ಉಳಿದದ್ದು?"

"ಹಾಗೇ ಇದೆ."

"ನೀನು ತಿಂತಿದ್ದೀಯ ಅಂತಿದ್ದೆ! ಮಾತಿಲ್ದಿದ್ರೂ ರಾಜಿ ಆಗಿದೆ ಅಂದ್ಕೊಂಡೇ ಒಂಬತ್ತು ವರ್ಷ ಬದುಕ್ದೆನಲ್ಲೇ!" ಎಂದವನೇ ಒಳಗೆ ಹೋಗಿ ಅಗುಳಿ ಹಾಕಿಕೊಂಡ.

ಉರ್ಷುಲೆ ಕಕ್ಕಾಬಿಕ್ಕಿಯಾಗಿ ನನ್ನನ್ನು ನೋಡಿದಳು. "ಈಗ ಕೋಪ ಯಾರದ್ದು? ನಂದಾ, ಅವಂದಾ?"

ಅವಳು ಬಲಗೈ ಎತ್ತಿ ದಬದಬ ಬಾಗಿಲು ಬಡಿದಳು.

"ಆ ಕೈಲಿ ಬಡೀಬೇಡ ಕಣೇ," ಒಳಗಿನಿಂದ ಕೂಗು ಬಂತು, "ಚರ್ಮ ಕಿತ್ತೀತು!"

ಬಾಗಿಲು ಮಾತ್ರ ತೆಗೆಯಲಿಲ್ಲ. ಅವಳು ಎಡಗೈಯಲ್ಲಿ ಬಡಿಯತೊಡಗಿದಳು.