ಇಪ್ಪತ್ತಕ್ಕೆ ಆರು

ನನ್ನ ತಮ್ಮ ಬಸ್ಸು ಓಡಿಸುವವನು. ಅವನು ಬ್ರೇಕು ಹಾಕಿದರೆ ನಿಂತವರ ಮೈ ಅಲುಗುತ್ತಿರಲಿಲ್ಲ. ಅದಕ್ಕೇ ಡಿಪೋದಲ್ಲಿ ಎಲ್ಲರಿಗೂ ಅವನು ಬ್ರೇಕಣ್ಣ. ಕುಡಿತದ ವಿಷಯದಲ್ಲಿ ಮಾತ್ರ ಆ ಬ್ರೇಕು ಹಿಡಿಯಲಿಲ್ಲ. ಮೊದಮೊದಲು ಬಸ್ಸು ಒಪ್ಪಿಸಿದ ಮೇಲೆ ಕುಡಿಯುತ್ತಿದ್ದ, ಆಮೇಲೆ ಒಪ್ಪಿಸುವ ಮೊದಲೇ ಶುರುಮಾಡಿದ. ಡಿಪೋ ಮ್ಯಾನೇಜರು ಕೀಲಿ ಕಿತ್ತುಕೊಂಡರು.

"ಕುಡಿತ ಬಿಡಿಸೋ ಕೇಂದ್ರದಿಂದ ಕಾಗದ ತಂದ್ರೆ ಬಸ್ಸು. ಇಲ್ಲಾಂದ್ರೆ ಮನೇಲೇ ಇರು."

ಕೇಂದ್ರಕ್ಕೆ ನಾನೇ ಕರೆದುಕೊಂಡು ಹೋದೆ. ಅವನ ಹೆಂಡತಿಗೆ ಅಷ್ಟುಹೊತ್ತಿಗೆ ಸಾಕುಸಾಕಾಗಿತ್ತು. ಅಲ್ಲಿ ಒಬ್ಬರು ಮೇಡಂ ಇದ್ದರು. ಸೇರುವಾಗೊಮ್ಮೆ, ಮೂರು ತಿಂಗಳಾದ ಮೇಲೊಮ್ಮೆ ಅವೇ ಪ್ರಶ್ನೆಗಳನ್ನು ಕೇಳಿ, ಎರಡು ಸಲದ ಉತ್ತರಗಳನ್ನೂ ಪಕ್ಕಪಕ್ಕ ಇಟ್ಟು, ಚಿಕಿತ್ಸೆ ಹತ್ತಿದೆಯೋ ಇಲ್ಲವೋ ನೋಡುವುದು ಅವರ ಕೆಲಸ. ಎಷ್ಟು ಕುಡಿಯುತ್ತೀರಿ, ನಿದ್ದೆ ಬರುತ್ತದೆಯೇ ಎಂದೆಲ್ಲ ಕೇಳಿ ಕೊನೆಗೆ, "ಒಟ್ಟಾರೆ ನಿಮ್ಮ ಜೀವನಕ್ಕೆ ಇಪ್ಪತ್ತಕ್ಕೆ ಎಷ್ಟು ಮಾರ್ಕು ಕೊಡ್ತೀರಿ?" ಎಂದರು.

ತಮ್ಮ ಬೆಳಿಗ್ಗೆಯೇ ಏರಿಸಿಕೊಂಡು ಬಂದಿದ್ದ. ಕುರ್ಚಿಯಲ್ಲಿ ಮದುಮಗನಂತೆ ಒರಗಿ ಕೂತು, "ಹದಿನೆಂಟು ಬರ್ಕೊಳ್ಳಿ. ಎರಡು ನಿಮ್ಮ ಹತ್ರಾನೇ ಇರ್ಲಿ" ಎಂದ. ಅವರು ಬರೆದುಕೊಂಡರು.

ಮೂರು ತಿಂಗಳು ಅವನು ತೊಟ್ಟೂ ಮುಟ್ಟಲಿಲ್ಲ. ಮತ್ತೆ ಅದೇ ಕುರ್ಚಿ, ಅದೇ ಮೇಡಂ. ಕುಡಿತಕ್ಕೆ "ಇಲ್ಲ" ಎಂದಾಗ ಅವರ ಮುಖ ಅರಳಿತು. ಕೊನೆಗೆ ಮಾರ್ಕಿನ ಮಾತು ಬಂತು. ತಮ್ಮ ಬೆರಳು ಮಡಚಿ ಲೆಕ್ಕ ಹಾಕಿದ.

"ಆರು."

ಮೇಡಂ ಪೆನ್ನು ನಿಂತಿತು. "ಆರಾ? ಆಗ ಹದಿನೆಂಟು ಅಂದಿದ್ರಿ."

"ಆಗ ಏನೂ ಗೊತ್ತಾಗ್ತಿರ್ಲಿಲ್ಲ ಮೇಡಂ, ಚೆನ್ನಾಗಿತ್ತು. ಈಗ ಹಲ್ಲು ನೋಯುತ್ತೆ. ಸೂರು ಸೋರೋದು ಕಾಣುತ್ತೆ. ಮನೆಯೊಳಗೆ ಕಾಲಿಟ್ರೆ ಹೆಂಡತಿ ಮೂಸಿ ನೋಡ್ತಾಳೆ. ಮಗಳು ಏನು ಕೇಳಿದ್ರೂ ಹ್ಞೂಂ ಅಂತಾಳೆ, ಅಷ್ಟೇ."

"ಹೀಗೆ ಬರೆದ್ರೆ ನೀವು ಮೊದಲಿಗಿಂತ ಕೆಟ್ಟಿದ್ದೀರಿ ಅಂತ ಆಗುತ್ತೆ. ಎಲ್ಲದ್ರಲ್ಲೂ ಮೇಲೆ ಬಂದಿದ್ರೆ ಮಾತ್ರ ಗುಣವಾಗಿದೆ ಅಂತ ಕಾಗದ ಕೊಡೋಕಾಗೋದು."

ನಾನು ಅವನ ತೋಳು ಚಿವುಟಿದೆ. "ಹತ್ತೊಂಬತ್ತು ಅನ್ನೋ. ನಿನ್ನ ಗಂಟೇನು ಹೋಗುತ್ತೆ?"

"ಸುಳ್ಳು ಹೇಳ್ಬಾರ್ದು ಅಂತ ಮೂರು ತಿಂಗಳು ಇವ್ರೇ ತಲೆ ತಿಂದಿದಾರೆ ಅಕ್ಕ."

ಮೇಡಂ ಪೆನ್ನು ಕೆಳಗಿಟ್ಟರು. ಆಮೇಲೆ, ಹಾಳೆಯಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದರು. "ನೀವು ಸೇರೋಕೆ ಬಂದ್ರಲ್ಲ, ಆ ದಿನಕ್ಕೆ ಈಗ ಎಷ್ಟು ಕೊಡ್ತೀರಿ?"

"ಒಂದು. ಅದೂ ಅಕ್ಕ ಜೊತೆಗಿದ್ಲು ಅಂತ."

ಹಳೆಯ ಅಂಕಿಯನ್ನು ತಿದ್ದುವ ಹಾಗಿಲ್ಲವಂತೆ. ಹಾಗಾಗಿ ಕಾಗದದಲ್ಲಿ ಗುಣವಾಗಿದೆ ಎಂಬ ಮಾತು ಬರಲಿಲ್ಲ. "ಮೂರು ತಿಂಗಳಿಂದ ಕುಡಿದಿಲ್ಲ. ಕುಡಿದಿದ್ದಾಗ ಜೀವನಕ್ಕೆ ಹದಿನೆಂಟು ಕೊಟ್ಟಿದ್ದರು, ಈಗ ಆರು ಕೊಟ್ಟಿದ್ದಾರೆ. ಸೇರಲು ಬಂದ ಆ ದಿನಕ್ಕೆ ಈಗ ಒಂದು ಕೊಡುತ್ತಾರೆ" ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದು ಸಹಿ ಹಾಕಿದರು. ಬಸ್ಸು ಹೋಯಿತು ಎಂದುಕೊಂಡೇ ನಾನು ಅವನ ಹಿಂದೆ ಡಿಪೋಗೆ ನಡೆದೆ.

ಮ್ಯಾನೇಜರು ಕಾಗದವನ್ನು ಎರಡು ಸಲ ಓದಿದರು.

"ಏನಯ್ಯಾ, ಇಪ್ಪತ್ತಕ್ಕೆ ಆರಾ?"

"ಹೌದು ಸಾರ್."

"ಹೋದ ತಿಂಗಳು ಒಬ್ಬ ಇಪ್ಪತ್ತಕ್ಕೆ ಇಪ್ಪತ್ತು ತಂದಿದ್ದ. ಸಂಜೆಗೆ ಬಸ್ಸನ್ನ ಕ್ಷೌರದಂಗಡಿ ಒಳಗೆ ನುಗ್ಗಿಸಿದ." ಕಾಗದ ಮಡಚಿ ಖಾನೆಗೆ ಹಾಕಿದರು. "ನಾಳೆ ಬೆಳಿಗ್ಗೆ ಬಾ. ದಿನಾ ಯಂತ್ರಕ್ಕೆ ಊದಿ ತೋರಿಸಿದ ಮೇಲೇ ಕೀಲಿ."

ಇನ್ನೂ ಮೂರು ತಿಂಗಳಾದ ಮೇಲೆ ಮೇಡಂ ಮತ್ತೆ ಕರೆಸಿದರು. ಈ ಸಲ ತಮ್ಮ ಏಳು ಎಂದ. ನನಗೆ ತಡೆಯಲಾಗಲಿಲ್ಲ.

"ಬಸ್ಸು ಸಿಕ್ತಲ್ಲೋ, ಬರೀ ಒಂದೇನಾ ಜಾಸ್ತಿ?"

"ಹಳೇ ಬಸ್ಸು ಅಕ್ಕ. ಎರಡನೇ ಗೇರು ಬೀಳಲ್ಲ."