ಹನ್ನೆರಡು ಕರಿಕುರಿಗಳ ಹೆಸರು

ಕಬ್ಬೂರಿನ ಗಂಗಾರಾಮನಿಗೆ ತನ್ನ ಕಣ್ಣಿನ ಮೇಲೆ ಇದ್ದಷ್ಟು ನಂಬಿಕೆ ದೇವರ ಮೇಲೂ ಇರಲಿಲ್ಲ. ನಲವತ್ತು ವರ್ಷ ಕುರಿ ಕಾಯ್ದವನು. ಇನ್ನೂರು ಕುರಿಗಳ ಹಿಂಡಿನಲ್ಲಿ ಒಂದು ತಪ್ಪಿಸಿಕೊಂಡರೆ ಎಣಿಸದೆಯೇ ಹೇಳುತ್ತಿದ್ದ. ಅದೂ "ಒಂದು ಕಡಿಮೆ ಐತಿ" ಎಂದಲ್ಲ, "ಮುರುಕಿವಿ ಬಂದಿಲ್ಲ" ಎಂದು ಹೆಸರು ಹಿಡಿದು. ಈ ಹೆಚ್ಚುಗಾರಿಕೆಯನ್ನು ಚಹದಂಗಡಿಯಲ್ಲಿ ಎಷ್ಟು ಸಲ ಕೊಚ್ಚಿಕೊಂಡಿದ್ದನೆಂದರೆ, ಅವನು ಬರುವುದು ಕಂಡರೆ ಜನ ಮೆಲ್ಲಗೆ ಎದ್ದು ಹೋಗುತ್ತಿದ್ದರು. ಹೆಂಡತಿ ಹೊಳೆವ್ವ ಎಲ್ಲಿಗೆ ಹೋಗಬೇಕು? ಅವಳು ಕೇಳಿಸಿಕೊಳ್ಳುತ್ತಿದ್ದಳು.

ಮೊಣಕಾಲು ಸೋತ ಮೇಲೆ ಹಿಂಡನ್ನು ತಮ್ಮ ಬಸವಂತನಿಗೆ ಒಪ್ಪಿಸಿ ಅವನು ಕಟ್ಟೆಯ ಮೇಲೆ ಕೂತಿದ್ದ. ಆಗಲೇ, 2012ರಲ್ಲಿ, ನಿಪ್ಪಾಣಿಯಿಂದ ಉಜ್ವಲಾ ಎಂಬ ದನದ ಡಾಕ್ಟರು ಹುಡುಕಿಕೊಂಡು ಬಂದಳು. ಹೆದ್ದಾರಿಯ ಪಕ್ಕದ ಒಂದು ಸಂಶೋಧನಾ ಕೇಂದ್ರದಲ್ಲಿ ಅವಳ ಕೆಲಸ. ಒಂದೇ ಹಿಂಡಿನ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಹನ್ನೆರಡು ಹೆಣ್ಣುಕುರಿ ಬೇಕಾಗಿದ್ದವು. ಕುರಿಗಳ ಜೊತೆಗೆ ನೋಡಿಕೊಳ್ಳಲು ಕುರಿಗಾರನನ್ನೂ, ಅವನ ಹೆಂಡತಿಯನ್ನೂ ಕರೆದುಕೊಂಡು ಹೋದಳು. ಕೊಟ್ಟಿಗೆಯ ಹಿಂದೆ ಎರಡು ಕೋಣೆಯ ಮನೆ, ತಿಂಗಳಿಗೆ ಪಗಾರ. ಅರವತ್ತರ ಹೊಸ್ತಿಲಲ್ಲಿ ಗಂಗಾರಾಮ ನೌಕರದಾರನಾದ.

ಕುರಿಗಳಿಗೆ ಏನು ಮಾಡುತ್ತಾರೆಂದು ಉಜ್ವಲಾ ಮೊದಲೇ ಬಿಡಿಸಿ ಹೇಳಿದ್ದಳು. ಬೆನ್ನಿನ ಮಣಿ ಸವೆದವರಿಗೆ ಎರಡು ಮಣಿ ಕೂಡಿಸಲು ಡಾಕ್ಟರರು ನಡುವೆ ಲೋಹದ ತುಂಡು ಇಡುತ್ತಾರೆ. ಎಲುಬು ಕೂಡಿಕೊಂಡ ಮೇಲೂ ಅದು ಸಾಯುವ ತನಕ ಒಳಗೇ ಇರುತ್ತದೆ. ಇದು ಗಂಗಾರಾಮನಿಗೆ ಬೇಗ ತಿಳಿಯಿತು, ಏಕೆಂದರೆ ಶಿರಗುಪ್ಪಿಯ ಅವನ ಬೀಗ ಸತ್ಯಪ್ಪ ಕಬ್ಬು ಹೊತ್ತು ಹೊತ್ತು ಬೆನ್ನು ಹಾಳುಮಾಡಿಕೊಂಡು ಇಂಥದೇ ಲೋಹ ಹಾಕಿಸಿಕೊಂಡಿದ್ದ. ಅದು ಸಡಿಲಾಗಿ, ಎರಡನೇ ಸಲ ಬೆನ್ನು ಕೊಯ್ಸಿಕೊಂಡು ತೆಗೆಸಿದ್ದ. ಉಜ್ವಲಾಳ ಲೋಹ ಬೇರೆಯದು. ಎಲುಬು ಕೂಡುವ ತನಕ ಗಟ್ಟಿ ಹಿಡಿದಿದ್ದು, ಆಮೇಲೆ ಮೈಯಲ್ಲೇ ಕರಗಿ ಹೋಗಬೇಕು. ಎಲುಬು ಕೂಡುವ ಮೊದಲೇ ಕರಗಿಬಿಟ್ಟರೆ? ಅದನ್ನು ತಿಳಿಯಲೆಂದೇ ಆರು ಕುರಿಗೆ ಬರೀ ಲೋಹ, ಆರಕ್ಕೆ ಮೇಲೊಂದು ಲೇಪ ಕೊಟ್ಟ ಲೋಹ. ಒಂಬತ್ತು ತಿಂಗಳಾದ ಮೇಲೆ ಎರಡೂ ಗುಂಪಿನಿಂದ ಮೂರು ಮೂರು ಕುರಿಗಳನ್ನು ನೋವಾಗದಂತೆ ಮಲಗಿಸಿ ಎಲುಬು ತೆಗೆದು ನೋಡುವುದು. ಉಳಿದ ಆರಕ್ಕೆ ವರ್ಷಗಟ್ಟಲೆ ಎಕ್ಸ್-ರೇ ಮಾತ್ರ, ಕೊನೆಗೆ ಅವು ಮನೆಗೆ.

ಗಂಗಾರಾಮ ಎಲ್ಲಕ್ಕೂ ಒಪ್ಪಿದ. ಒಂದಕ್ಕೆ ಮಾತ್ರ ಹಟ ಹಿಡಿದ.

"ನಂಬರ ಹಾಕ್ಕೋರಿ ಬಾಯಾರ, ಬ್ಯಾಡ ಅನ್ನಂಗಿಲ್ಲ. ಆದ್ರ ಬಾಜೂಕ ಹೆಸರೂ ಬರೀರಿ. ಹೆಸರ ಹಿಡದ ಕರದ್ರನ ಅವು ಬರೂದು."

ಉಜ್ವಲಾ ನಕ್ಕು, ಅವನು ಹೇಳಿದಂತೆ ವಹಿಯ ಮೊದಲ ಹಾಳೆಯಲ್ಲಿ ಬರೆದುಕೊಂಡಳು. ನಾಲ್ಕು, ಸಿಂಗಿ. ಏಳು, ಬಾಟ್ಲಿ. ಸಿಂಗಿ, ಬಾಟ್ಲಿ ಅವಳಿಜವಳಿ. ಏಳನೆಯ ನಂಬರಿಗೆ ಬಂದದ್ದು ಬರೀ ಲೋಹ, ಅದೂ ಒಂಬತ್ತು ತಿಂಗಳಿಗೆ ಮಲಗಿಸುವ ಮೊದಲ ಸರದಿ. ನಾಲ್ಕಕ್ಕೆ ಲೇಪದ್ದು, ಮನೆಗೆ ಹೋಗುವ ಸರದಿ.

ಕಿವಿಗೆ ಹಾಕಿದ ಬಿಲ್ಲೆಗಳನ್ನು ಕುರಿಗಳು ತಿಂಗಳೊಪ್ಪತ್ತಿನಲ್ಲಿ ತಂತಿಬೇಲಿಗೆ ತಿಕ್ಕಿ ಹರಿದುಕೊಂಡವು. ಆಮೇಲೆ ಉಣ್ಣೆಯ ಮೇಲೆ ಬಣ್ಣದಿಂದ ನಂಬರು ಬರೆದರು. ಶಸ್ತ್ರಕ್ರಿಯೆ ಚೆನ್ನಾಗಿ ಆಯಿತು, ಗಾಯ ಮಾಯಿತು, ಎಂಟು ತಿಂಗಳು ನೆಮ್ಮದಿಯಿಂದ ಕಳೆದವು. ಆಗ ಉಜ್ವಲಾ ತಂಗಿಯ ಮದುವೆಗೆಂದು ಎಂಟು ದಿನ ರಜೆ ಹಾಕಿದಳು. ಬಿಸಿಲು ಏರುತ್ತಿತ್ತು, ಕುರಿಗಳ ಮೈಯಲ್ಲಿ ಉಣ್ಣೆ ದಟ್ಟವಾಗಿತ್ತು. ಕುರುಬನ ಮಗನಾದವನು ನೋಡಿಕೊಂಡು ಹೇಗೆ ಸುಮ್ಮನಿದ್ದಾನು? ಗಂಗಾರಾಮ ಊರಿಂದ ತನ್ನ ಕತ್ತರಿ ತರಿಸಿ, ಹನ್ನೆರಡನ್ನೂ ಒಂದೇ ದಿನದಲ್ಲಿ ಕತ್ತರಿಸಿ, ಮೈ ತೊಳೆದು, ಉಜ್ವಲಾ ಬರುವ ದಿನ ಶಾಲೆಯ ಮಕ್ಕಳಂತೆ ಸಾಲಾಗಿ ನಿಲ್ಲಿಸಿದ.

ಉಜ್ವಲಾ ಗೇಟಿನಲ್ಲೇ ನಿಂತಳು. "ಕಾಕಾ, ನಂಬರ ಎಲ್ಲಿ ಅದಾವ?"

"ಉಣ್ಣಿ ಕೂಡ ಹೋದೂರಿ. ಚೀಲದಾಗ ಅದಾವ," ಎಂದ ಗಂಗಾರಾಮ, ಹೊಗಳಿಕೆಗೆ ಕಾಯುತ್ತ.

ಅವಳು ಮೇವಿನ ಮೂಟೆಯ ಮೇಲೆ ಕುಸಿದು ಕೂತಳು. ಹನ್ನೆರಡೂ ಕರಿ, ಹನ್ನೆರಡರ ಬೆನ್ನಿಗೂ ಒಂದೇ ತರಹದ ಹೊಲಿಗೆ ಗುರುತು. ಎಕ್ಸ್-ರೇ ತೆಗೆದರೆ ಎಲ್ಲದರಲ್ಲೂ ಅರ್ಧಂಬರ್ಧ ಕರಗಿದ ಲೋಹ. ಯಾವುದು ಲೇಪದ್ದು, ಯಾವುದು ಬರೀದು? ಅದೇ ಗೊತ್ತಿಲ್ಲದ ಮೇಲೆ ಇಷ್ಟು ದಿನದ ದುಡಿಮೆ ನೀರಿನಲ್ಲಿ ಹೋಮ.

"ಅದಕ್ಯಾಕ ಚಿಂತಿ ಮಾಡ್ತೀರಿ? ಹೆಸರ ಬರದೀರಲ್ಲ. ಯಾವುದು ಯಾವುದಂತ ನಾ ಹೇಳ್ತೇನಿ."

"ನೀವು ಹೇಳಿದ್ದನ್ನ ನಾ ಹೆಂಗ ನಂಬಲಿ ಕಾಕಾ?"

ನಲವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವನಿಗೆ ಸಿಟ್ಟೂ ಬಂತು, ತಪ್ಪು ತನ್ನದೇ ಆದ್ದರಿಂದ ನುಂಗಿಯೂ ಕೊಂಡ. ಉಜ್ವಲಾ ಕುರಿಗಳ ಕೊರಳಿಗೆ ಬೇರೆಬೇರೆ ಬಣ್ಣದ ದಾರ ಕಟ್ಟಿದಳು. ಬೆಳಗ್ಗೆ ಗಂಗಾರಾಮನನ್ನು ಒಬ್ಬನನ್ನೇ ಕರೆದು ಕೇಳಿದಳು, ಮಧ್ಯಾಹ್ನ ಹೊಳೆವ್ವನನ್ನು ಒಬ್ಬಳನ್ನೇ. ಗಂಡ ಏನು ಹೇಳಿದನೆಂದು ಹೆಂಡತಿಗೆ ಗೊತ್ತಾಗದಂತೆ ನೋಡಿಕೊಂಡಳು. ಒಂದು ಕುರಿಗೆ ಸೊಂಟದಲ್ಲಿ ಒಂದು ಮಣಿ ಹೆಚ್ಚಿರುವುದು ಹಳೆಯ ಎಕ್ಸ್-ರೇಯಲ್ಲಿತ್ತು. ಅದರ ಹೆಸರನ್ನು ಇಬ್ಬರೂ ಸರಿಯಾಗಿಯೇ ಹೇಳಿದರು. ಒಟ್ಟು ಹತ್ತು ಕುರಿಗಳಲ್ಲಿ ಇಬ್ಬರದೂ ಒಂದೇ ಮಾತು. ಎರಡರಲ್ಲಿ ಮಾತ್ರ ಅದಲುಬದಲು. ಗಂಗಾರಾಮ ಸಿಂಗಿ ಎಂದದ್ದನ್ನು ಹೊಳೆವ್ವ ಬಾಟ್ಲಿ ಎಂದಿದ್ದಳು.

"ಈ ಎರಡನ್ನ ಬಿಡಬೇಕಾಗ್ತದ," ಎಂದಳು ಉಜ್ವಲಾ. "ಇವು ನಿಮ್ಮ ಮನಿಗೆ ಹೋಗಲಿ. ಬರೀ ಹತ್ತ ಕುರಿ ನೋಡಿ ಹೇಳಿದ್ದನ್ನ ಮ್ಯಾಲಿನವರು ಒಪ್ಪೂದು ಕಠಿಣ ಐತಿ, ಆದ್ರ ಬ್ಯಾರೆ ದಾರಿ ಇಲ್ಲ."

ಸಂಜೆ ಗೋದಲಿಯ ಹತ್ತಿರ ಗಂಗಾರಾಮ ಹೆಂಡತಿಯ ಮೇಲೆ ಹರಿಹಾಯ್ದ. "ನನಗಿಂತ ನಿನಗ ಹೆಚ್ಚ ಗೊತ್ತೈತೇನ?"

"ಈ ಎರಡರದ್ದ ಗೊತ್ತೈತ್ರಿ. ಇವು ಹುಟ್ಟಿದಾಗ ನೀವು ಹಿಂಡ ಹೊಡಕೊಂಡ ರಾಯಬಾಗದ ಕಡೆ ಹೋಗಿದ್ರಿ, ಮೂರ ತಿಂಗಳ."

ಅವನಿಗೆ ನೆನಪಾಯಿತು. ಹೌದು. ತಾಯಿಗೆ ಒಂದೇ ಮರಿಗಾಗುವಷ್ಟು ಹಾಲು. ಇನ್ನೊಂದನ್ನು ಹೊಳೆವ್ವ ಔಷಧದ ಸೀಸೆಯಲ್ಲಿ ಆಕಳ ಹಾಲು ಕುಡಿಸಿ ಮಡಿಲಲ್ಲೇ ಬೆಳೆಸಿದ್ದಳು. ಚಮಚದಿಂದ ಸೀಸೆ ಬಡಿದರೆ ಅದು ಓಡಿ ಬರುತ್ತಿತ್ತಂತೆ. ಅವನು ಕೇಳಿದ್ದೇ ಹೊರತು ನೋಡಿರಲಿಲ್ಲ. ಅವನು ತಿರುಗಿ ಬರುವಷ್ಟರಲ್ಲಿ ಎರಡೂ ಒಂದೇ ಎತ್ತರ ಬೆಳೆದಿದ್ದವು.

"ಆತು, ಬಿಡು," ಎಂದ, ದನಿ ತಗ್ಗಿಸಿ. "ಗೊಂದಲ ಹಂಗ ಇರ್ಲಿ. ಎರಡೂ ಮನಿಗೆ ಬರ್ತಾವ. ನಿನ್ನ ಬಾಟ್ಲೀನೂ ಉಳೀತೈತಿ."

ನಿಜ ಹೇಳಬೇಕೆಂದರೆ ಅವನ ಮಾನವೂ ಉಳಿಯುತ್ತಿತ್ತು. ಅದನ್ನು ಅವನು ಹೇಳಲಿಲ್ಲ, ಅವಳಿಗೆ ಹೇಳಬೇಕಾಗಿಯೂ ಇರಲಿಲ್ಲ.

ಹೊಳೆವ್ವ ಬಾಟ್ಲಿಯ ಕಿವಿ ಸವರಿದಳು. "ನಾಳೆ ಯಾರ್ದರೆ ಬೆನ್ನಾಗ ಇದನ್ನ ಹಾಕೂ ಮುಂದ ನಮ್ಮ ಕುರಿ ನೋಡೇ ಹಾಕ್ತಾರ್ರಿ. ಸತ್ಯಪ್ಪಣ್ಣ ಎರಡ ಸಲ ಕೊಯ್ಸಿಕೊಂಡಿದ್ದ ನಾ ನೋಡೇನಿ. ಗೊತ್ತಿದ್ದೂ ನಾ ಬಾಯಿ ಮುಚ್ಚಿಕೊಂಡ ಕುಂದ್ರಾಕ ಬರಂಗಿಲ್ಲ."

ಮರುದಿನ ಬೆಳಗ್ಗೆ ಅವಳೇ ಉಜ್ವಲಾಳನ್ನು ಕರೆದಳು. ತಾನು ಗೋಡೆಯ ಆಚೆ ನಿಂತಳು, ಕೈಯಲ್ಲಿ ಒಂದು ಸೀಸೆ, ಒಂದು ಚಮಚ. ಈಚೆ ಹನ್ನೆರಡೂ ಮೇಯುತ್ತಿದ್ದವು. ಟಣ್ ಟಣ್ ಎಂದದ್ದೇ ತಡ, ನೀಲಿ ದಾರದ ಕುರಿ ತಲೆಯೆತ್ತಿ, ಉಳಿದವನ್ನು ನೂಕಿಕೊಂಡು ಗೋಡೆಯ ಕಡೆಗೆ ಓಡಿತು. ಹಳದಿ ದಾರದ್ದು ಬಾಯಿ ಕೂಡ ನಿಲ್ಲಿಸಲಿಲ್ಲ. ಉಜ್ವಲಾ ಕುರಿಗಳ ಜಾಗ ಬದಲಿಸಿ ಇನ್ನೆರಡು ಸಲ ಬಡಿಸಿದಳು. ಎರಡೂ ಸಲ ನೀಲಿಯೇ ಓಡಿತು.

ಗಂಗಾರಾಮ ನೀಲಿ ದಾರದ್ದನ್ನು ಸಿಂಗಿ ಎಂದಿದ್ದ. ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಂದ ತಪ್ಪೈತ್ರಿ ಬಾಯಾರ. ಅಕಿದ ಖರೆ. ಹಂಗ ಬರಕೋರಿ."

ಉಜ್ವಲಾ ನೀಲಿಯ ಮುಂದೆ ಏಳು ಎಂದು ಬರೆದಳು. ಮೊದಲ ಸರದಿಯ ಪಟ್ಟಿಗೂ ಅದನ್ನು ಸೇರಿಸಿದಳು.

ತಿಂಗಳಾದ ಮೇಲೆ ಮೊದಲ ಸರದಿ ಬಂತು. ಆ ದಿನ ಹೊಳೆವ್ವ ಬಾಟ್ಲಿಗೆ ನೆನೆಸಿದ ಜೋಳ ತಿನ್ನಿಸಿ, ಬಾಗಿಲ ತನಕ ತಾನೇ ನಡೆಸಿಕೊಂಡು ಹೋದಳು. ಬಾಟ್ಲಿಯ ಬೆನ್ನಿನಲ್ಲಿ ಬರೀ ಲೋಹ ಬೇಗನೆ ಕರಗಿ, ಎಲುಬು ಅರ್ಧವೇ ಕೂಡಿತ್ತು. ಹೆಸರು ಅದಲುಬದಲಾಗಿದ್ದರೆ ಆ ತಪ್ಪು ಲೇಪದ ಲೋಹದ ತಲೆಗೆ ಬರುತ್ತಿತ್ತು ಎಂದು ಉಜ್ವಲಾ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು. ಹೊಳೆವ್ವ ಕಣ್ಣೊರೆಸಿಕೊಂಡು, "ಛಲೋ ಆತು," ಎಂದಳು. ಅವಳಿಗೆ ದುಃಖವಾಗಿತ್ತು, ಸಮಾಧಾನವೂ ಆಗಿತ್ತು.

2016ರಲ್ಲಿ ಉಳಿದ ಆರು ಕುರಿಗಳ ಜೊತೆ ಗಂಡಹೆಂಡತಿ ಕಬ್ಬೂರಿಗೆ ಮರಳಿದರು. ಸಿಂಗಿಯ ಕೊನೆಯ ಎಕ್ಸ್-ರೇಯಲ್ಲಿ ಲೋಹದ ಸುಳಿವಿರಲಿಲ್ಲ, ಎರಡು ಮಣಿ ಒಂದಾಗಿದ್ದವು. ಗಂಗಾರಾಮ ಈಗಲೂ ಚಹದಂಗಡಿಗೆ ಹೋಗುತ್ತಾನೆ. "ನಾನೂ ಒಂದ ಸಲ ತಪ್ಪೇನಿ" ಎಂದು ಶುರುಮಾಡುತ್ತಾನೆ, ಜನ ಏಳದೆ ಕೂತು ಕೇಳುತ್ತಾರೆ.

ಆ ಸೀಸೆ ಈಗ ಅಡುಗೆಮನೆಯಲ್ಲಿ ಎಣ್ಣೆಗೆ ಬಳಕೆಯಾಗುತ್ತದೆ. ಹೊಳೆವ್ವ ಒಗ್ಗರಣೆ ಹಾಕುವಾಗ ಒಮ್ಮೊಮ್ಮೆ ಚಮಚ ತಾಗಿ ಟಣ್ ಎನ್ನುತ್ತದೆ. ಅಂಗಳದಲ್ಲಿ ಸಿಂಗಿ ಮೇಯುವುದನ್ನು ನಿಲ್ಲಿಸುವುದಿಲ್ಲ. ಗಂಗಾರಾಮ ಮಾತ್ರ ಪ್ರತಿ ಸಲವೂ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಾನೆ.