ಬಾಬಾಸಾಬನ ಜಾಗ

ಅಣ್ಣಿಗೇರಿಯ ಅರ್ಧ ಊರು ಖಾಸಿಂಬಿ ಹೊಲಿದ ಕೌದಿ ಹೊದ್ದು ಮಲಗುತ್ತಿತ್ತು. ಅವಳಿಗೆ ಮಾತ್ರ ನಿದ್ದೆ ಬರುತ್ತಿರಲಿಲ್ಲ. ವಯಸ್ಸು ಅರವತ್ತೈದು, ಮೊಣಕಾಲು ನೋವು, ಕಣ್ಣಿಗೆ ಪೊರೆ. ಸೂಜಿಗೆ ದಾರ ಪೋಣಿಸುವುದೇ ಅರ್ಧ ಗಂಟೆಯ ಕೆಲಸ. ನಡುನಡುವೆ "ಸಾಕಾತವಾ" ಎನ್ನುವಳು. ಯಾರಿಗೆ ಹೇಳುತ್ತಿದ್ದಳೋ ಅವಳಿಗೂ ಗೊತ್ತಿರಲಿಲ್ಲ.

ಅವಳ ತಮ್ಮ ಬಾಬಾಸಾಬ ದೊಡ್ಡ ಯುದ್ಧದ ಕಾಲದಲ್ಲಿ ಫೌಜಿಗೆ ಸೇರಿದವನು. ಬೆನ್ನಿಗೆ ಛತ್ರಿ ಕಟ್ಟಿಕೊಂಡು ವಿಮಾನದಿಂದ ಜಿಗಿಯುವ ಪಲ್ಟಣ. ಬೇವಿನ ಮರ ಹತ್ತಲು ಹೆದರುತ್ತಿದ್ದವನು ಆಕಾಶದಿಂದ ಜಿಗಿದಾನೇ ಎಂದು ಊರವರು ನಕ್ಕಿದ್ದರು. ಜಿಗಿದ. ಯುದ್ಧ ಇನ್ನೇನು ಮುಗಿಯಿತು ಎನ್ನುವಾಗ, ರಂಗೂನಿನ ಹತ್ತಿರ, ಇಪ್ಪತ್ತೆರಡನೆಯ ವಯಸ್ಸಿಗೆ ಸತ್ತ. ಅಲ್ಲಿಯೇ ಮಣ್ಣು ಮಾಡಿದ್ದಾಗಿ ಸರಕಾರದ ಕಾಗದ ಬಂತು.

ತಾಯಿ ಹಲೀಮಾಬಿ ಕಾಗದವನ್ನು ನಂಬಿದಳು, ಆದರೆ ನಂಬಿ ಬದುಕುವುದು ಅವಳಿಂದ ಆಗಲಿಲ್ಲ. ಕಬರಸ್ತಾನದ ಎತ್ತರದ ಭಾಗದಲ್ಲಿದ್ದ ಗಂಡನ ಗೋರಿಯ ಬಾಜು ಮಗನ ಹೆಸರಲ್ಲಿ ಮಣ್ಣು ಏರಿಸಿ, ತಲೆಯ ದಿಕ್ಕಿಗೊಂದು ಕಲ್ಲು ನೆಡಿಸಿದಳು. ಹೆಂಗಸರು ಒಳಗೆ ಹೋಗುವಂತಿಲ್ಲ. ಅದಕ್ಕೆ ವರ್ಷಕ್ಕೊಮ್ಮೆ, ಸತ್ತವರಿಗೆ ಹೂ ಏರಿಸುವ ಶಬ್-ಎ-ಬರಾತ್ ದಿನ, ಗೋಡೆಯಾಚೆ ನಿಂತು ಗೋರಿ ಅಗೆಯುವವನ ಕೈಯಲ್ಲಿ ಮಲ್ಲಿಗೆ ಕಳಿಸುತ್ತಿದ್ದಳು. ಅವಳ ನಂತರ ಖಾಸಿಂಬಿ ಕಳಿಸಿದಳು.

ಹೀಗೆ ನಲವತ್ತು ವರ್ಷ. ಅಲ್ಲಿ ಬರೀ ಮಣ್ಣಿದೆ ಎಂದು ಬಲ್ಲವರು ಒಬ್ಬೊಬ್ಬರಾಗಿ ತಾವೇ ಮಣ್ಣಾದರು. ಉಳಿದವರಿಗೆ ಅದು ಬಾಬಾಸಾಬನ ಗೋರಿ. ಈಗ ಗೋರಿ ಅಗೆಯುವ ಬಾಷಾಸಾಬ ಅದರ ಮುಂದೆ ಹಾಯುವಾಗ ಸಲಾಮು ಮಾಡುತ್ತಿದ್ದ. ಖಾಸಿಂಬಿ ಯಾರಿಗೂ ಸುಳ್ಳು ಹೇಳಲಿಲ್ಲ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ, ಅಷ್ಟೇ.

ಎಂಬತ್ತಾರರ ಮಳೆಗಾಲದಲ್ಲಿ ನೆರೆಮನೆಯ ಅಬ್ದುಲ್‌ಸಾಬನ ಸೊಸೆ ರಜಿಯಾಬೇಗಂ ಹೆರಿಗೆಯಲ್ಲಿ ತೀರಿಕೊಂಡಳು. ಇಪ್ಪತ್ತು ವರ್ಷದ ಹುಡುಗಿ. ಕತ್ತಲಾಗುವ ಮೊದಲು ಮಣ್ಣಾಗಬೇಕು. ಬಾಷಾಸಾಬ ಮೂರು ಕಡೆ ಅಗೆದು ನೋಡಿ ಬಂದ. ಎರೆ ಮಣ್ಣು, ಮೊಳ ಅಗೆದರೆ ನೀರು. ಒಣಗಿದ್ದ ಎತ್ತರದ ಜಾಗವೆಲ್ಲ ಎಂದೋ ತುಂಬಿಹೋಗಿತ್ತು. ಅಬ್ದುಲ್‌ಸಾಬ ಹೊಸ್ತಿಲ ಮೇಲೆ ಕುಸಿದು ಕೂತ. "ನೀರಾಗ ಹ್ಯಾಂಗ ಇಡ್ಲೋ ಆ ಹುಡುಗೀನ?" ಎಂದ.

ಒಳಗೆ ಹೆಣಕ್ಕೆ ನೀರೆರೆಯುತ್ತಿದ್ದ ಖಾಸಿಂಬಿಗೆ ಇದು ಕೇಳಿಸಿತು. ಮೊದಲು ಅವಳಿಗೆ ಬಂದದ್ದು ಸಿಟ್ಟು. ಈಕೆ ಈ ಮಳೆಯಲ್ಲೇ ಸಾಯಬೇಕಿತ್ತೇ! ಮರುಗಳಿಗೆಯೇ ನಾಚಿಕೆಯಾಯಿತು. ಅತ್ತ ದರಿ ಇತ್ತ ಪುಲಿ. ಹೇಳಿದರೆ ತಮ್ಮನಿಗೆ ಈ ಊರಲ್ಲಿ ಕಲ್ಲೂ ಉಳಿಯುವುದಿಲ್ಲ. ಹೇಳದಿದ್ದರೆ ಈ ಹುಡುಗಿ ಕೆಸರಿನ ಪಾಲು. ಕೈ ಒರೆಸಿಕೊಂಡು ಹೊರಗೆ ಬಂದಳು.

"ಬಾಬಾಸಾಬನ ಜಾಗದಾಗ ಅಗೀರಿ. ಅಲ್ಲಿ ಯಾರೂ ಇಲ್ಲ."

ಮುದುಕಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡರು ಎಲ್ಲರೂ. ಬಾಷಾಸಾಬನಂತೂ ಹಿಂದೆ ಸರಿದ. "ಖಾಲಾ, ಇಪ್ಪತ್ತು ವರ್ಷ ನಾನ ಹೂವ ಏರಿಸೇನ್ರಿ," ಎಂದ.

"ಕೊಟ್ಟಾಕಿ ನಾನಲ್ಲೇನೋ? ಅಂವ ರಂಗೂನದಾಗ ಅದಾನ. ಪಾಪ ಇದ್ರ ನನಗ ಇರ್ಲಿ. ಹೋಗು, ಹೊತ್ತಾತು."

ಗಂಡಸರು ಹೆಣ ಹೊತ್ತು ಹೋದರು. ಖಾಸಿಂಬಿ ತನ್ನ ಬಾಗಿಲಲ್ಲಿ ಕೂತಳು. ಯಾರೋ ತಂದಿಟ್ಟ ಚಹಾ ಆರಿಹೋಯಿತು. ಸಂಜೆಗೆ ಬಾಷಾಸಾಬ ಕೆಸರುಗಾಲಲ್ಲೇ ಬಂದ. ಎದೆಮಟ್ಟ ಅಗೆದರೂ ನೀರು ಬರಲಿಲ್ಲವೆಂದೂ, ಹುಡುಗಿಯನ್ನು ಒಣ ಮಣ್ಣಲ್ಲಿ ಇಟ್ಟೆವೆಂದೂ ಹೇಳಿದ. ಅವಳು ಹೇಳಿದ್ದು ಖರೇ ಎಂದು ಒಪ್ಪಿಕೊಂಡ.

"ಏನೂ ಸಿಗಲಿಲ್ಲೇನು?"

"ಏನೂ ಇಲ್ರಿ, ಖಾಲಾ."

"ಒಂದು ಎಲುಬೂ?"

ಬಾಷಾಸಾಬ ಇಲ್ಲವೆಂದು ತಲೆಯಾಡಿಸಿದ.

ಯಾರೂ ಇಲ್ಲ ಎಂದು ಹೇಳಿದವಳು ತಾನೇ. ಆದರೂ ಮಧ್ಯಾಹ್ನದಿಂದ ಅವಳು ಕಾದಿದ್ದು, ಈತ ಓಡಿಬಂದು "ನೀವು ತಪ್ಪು ತಿಳಿದೀರಿ, ಅಂವ ಇಲ್ಲೇ ಅದಾನ" ಎಂದಾನು ಎಂದು. ಕಾಗದ ಬಂದ ದಿನ ತಾಯಿಯನ್ನು ಹಿಡಿದುಕೊಳ್ಳುವುದರಲ್ಲಿ ಅವಳಿಗೆ ಅಳಲು ಪುರುಸೊತ್ತು ಸಿಕ್ಕಿರಲಿಲ್ಲ. ನಲವತ್ತೊಂದು ವರ್ಷದ ಮೇಲೆ, ಗೋರಿ ಅಗೆಯುವವನ ಮುಂದೆ, ತಮ್ಮ ಸತ್ತನೆಂದು ಅತ್ತಳು.